ಹೊಳೆ ನೀರಿಗೊಂದು ಪರೀಕ್ಷಾ ಪೆಟ್ಟಿಗೆ: ಒಂದು ವರ್ಷ ಬಳಸಿ ನೋಡಿದ ಮೇಲೆ

ಗಂಗಾ ಸ್ನಾನ, ತುಂಗಾ ಪಾನ ಎಂಬ ಮಾತನ್ನು ಕೇಳುತ್ತಲೇ ಬೆಳೆದವರು ನಾವು. ನಮ್ಮ ಊರು ಹೊನ್ನಾಳಿಯಿಂದ ಕೆಳಗೆ, ತುಂಗಭದ್ರಾ ಹೊಳೆಯ ದಂಡೆಯ ಮೇಲಿದೆ. ಕೂಡಲಿಯಲ್ಲಿ ಭದ್ರೆಯೂ ಸೇರಿಕೊಂಡ ಮೇಲಿನ ನೀರು ನಮ್ಮದಾದ್ದರಿಂದ ಆ ಮಾತಿನಲ್ಲಿ ನಮಗೆ ಅರ್ಧ ಪಾಲು ಮಾತ್ರ ಸಲ್ಲಬೇಕು ಎಂದು ಊರಿನ ಹಿರಿಯರು ತಮಾಷೆ ಮಾಡುವುದುಂಟು. ಮನೆಗೆ ನಲ್ಲಿ ಬಂದಿದೆ, ನಿಜ. ಆದರೆ ಮೋಟಾರು ಸುಟ್ಟಾಗ, ಪೈಪು ಒಡೆದಾಗ, ಕರೆಂಟು ಕೈಕೊಟ್ಟಾಗ ಕೊಡಗಳು ಮತ್ತೆ ಹೊಳೆಯ ಕಡೆಗೇ ಹೋಗುತ್ತವೆ. ಬಟ್ಟೆಗೆ, ಪಾತ್ರೆಗೆ, ದನಕರುಗಳಿಗಂತೂ ಹೊಳೆಯ ನೀರು ಎಂದೂ ತಪ್ಪಿದ್ದಲ್ಲ. ಕಳೆದ ಮುಂಗಾರಿನಲ್ಲಿ ಹೊಳೆಗೆ ಮೊದಲ ಕೆಂಪು ನೀರು ಬಂದ ವಾರವೇ ಮನೆಯಲ್ಲಿ ಮೂವರಿಗೆ ಒಟ್ಟಿಗೆ ವಾಂತಿ ಭೇದಿಯಾಯಿತು. ಈ ಪೆಟ್ಟಿಗೆಯನ್ನು ಕೊಳ್ಳಲು ಅದೇ ಕಾರಣ.

ಪೆಟ್ಟಿಗೆ ಎಂದರೆ ಪಂಚಾಯ್ತಿಯವರು ಮತ್ತು ಇಲಾಖೆಯವರು ಫೀಲ್ಡ್ ಟೆಸ್ಟ್ ಕಿಟ್ ಎಂದು ಕರೆಯುವ ವಸ್ತು. 2019ರಲ್ಲಿ ಜಲಜೀವನ್ ಮಿಷನ್ ಆರಂಭವಾದ ಮೇಲೆ, ನಮ್ಮ ರಾಜ್ಯದಲ್ಲಿ ಮನೆ ಮನೆಗೆ ಗಂಗೆ ಎಂಬ ಹೆಸರಿನಲ್ಲಿ ನಡೆಯುತ್ತಿರುವ ಆ ಯೋಜನೆಯ ಅಡಿಯಲ್ಲಿ, ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ಇಂಥದೇ ಪೆಟ್ಟಿಗೆಯಿಂದ ನೀರು ಪರೀಕ್ಷಿಸುವ ತರಬೇತಿ ಕೊಡಬೇಕೆಂಬ ನಿಯಮವಾಯಿತು. ನಾನು ಕೊಂಡದ್ದು ಖಾಸಗಿ ತಯಾರಕರೊಬ್ಬರದು. ಅಂಚೆ ಖರ್ಚು ಸೇರಿ 3,500 ರೂಪಾಯಿಯೊಳಗೆ ಬಂತು. ಸೂಟ್‌ಕೇಸಿನಂಥ ಪ್ಲಾಸ್ಟಿಕ್ ಡಬ್ಬಿಯೊಳಗೆ ಹನಿ ಹಾಕುವ ಸಣ್ಣ ಬಾಟಲಿಗಳು, ಗೆರೆ ಹಾಕಿದ ಗಾಜಿನ ನಳಿಕೆಗಳು, ಬಣ್ಣ ಹೋಲಿಸುವ ಪಟ್ಟಿಗಳು, ಕದಡು ಅಳೆಯುವ ಉದ್ದನೆಯ ಕೊಳವೆ ಮತ್ತು ಬ್ಯಾಕ್ಟೀರಿಯಾ ಪರೀಕ್ಷೆಯ ಹತ್ತು ಶೀಷೆಗಳು ಇದ್ದವು. ಶೀಷೆಗಳನ್ನು ಬಿಟ್ಟರೆ ಉಳಿದ ಒಂದೊಂದು ಪರೀಕ್ಷೆಯನ್ನೂ ನೂರು ಸಲ ಮಾಡಬಹುದು ಎಂಬುದು ತಯಾರಕರ ಮಾತು. ಜೊತೆಗೆ ನಾನೇ ಬೇರೆಯಾಗಿ ಪೆನ್ನಿನ ಆಕಾರದ ಒಂದು ಟಿಡಿಎಸ್ ಮೀಟರನ್ನೂ ತರಿಸಿಕೊಂಡಿದ್ದೆ.

ಮೊದಲು ಈ ಮೀಟರಿನ ಮಾತು ಮುಗಿಸಿಬಿಡುತ್ತೇನೆ, ಏಕೆಂದರೆ ಹಳ್ಳಿಗಳಲ್ಲಿ ನೀರು ಪರೀಕ್ಷೆ ಎಂದರೆ ಇದೇ ಎಂದು ಅನೇಕರು ತಿಳಿದಿದ್ದಾರೆ. ನೀರಿನಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನು ನೋಡಿ, ಅದರಲ್ಲಿ ಕರಗಿರುವ ಲವಣ ಎಷ್ಟಿರಬಹುದು ಎಂದು ಅದು ಅಂದಾಜು ಮಾಡುತ್ತದೆ, ಅಷ್ಟೇ. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನಲ್ಲಿ ಲವಣಾಂಶ ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದ ಕಡೆ 2,000ದವರೆಗೆ ಸಹಿಸಬಹುದು. ನಮ್ಮ ಹೊಳೆಯ ನೀರಿನಲ್ಲಿ ಮೀಟರು ವರ್ಷವಿಡೀ 200ನ್ನು ದಾಟಲಿಲ್ಲ. ಊರಿನ ಕೊಳವೆಬಾವಿಯ ಸವುಳು ನೀರಿಗೆ ಇದರ ಹಲವು ಪಟ್ಟು ಬಂತು. ಅಂದರೆ ತುಂಗಾ ಪಾನ ಎಂದವರ ನಾಲಿಗೆ ಸುಳ್ಳಾಡಿಲ್ಲ. ರುಚಿಯ ಮಟ್ಟಿಗೆ ಮೀಟರೂ ಅವರ ಪಕ್ಷವೇ. ಆದರೆ ದನ ತೊಳೆಯುವ ಜಾಗದಿಂದ ಹತ್ತು ಮಾರು ಕೆಳಗೆ ತುಂಬಿದ ನೀರಿಗೂ, ನಡುಹೊಳೆಯ ನೀರಿಗೂ ಅದು ತೋರಿಸಿದ ಅಂಕಿ ಹೆಚ್ಚುಕಡಿಮೆ ಒಂದೇ. ಮಲದ ಬ್ಯಾಕ್ಟೀರಿಯಾ ಈ ಮೀಟರಿನ ಕಣ್ಣಿಗೆ ಬೀಳುವುದೇ ಇಲ್ಲ. ಆರ್‌ಓ ಯಂತ್ರ ಮಾರಲು ಬರುವವರು ಎರಡು ಲೋಟದ ನೀರಿನಲ್ಲಿ ಸರಳುಗಳನ್ನು ಅದ್ದಿ, ನಲ್ಲಿಯ ನೀರು ಕಂದು ಬಣ್ಣಕ್ಕೆ ತಿರುಗಿದ್ದನ್ನು ತೋರಿಸಿ ಹೆದರಿಸುವ ಆಟವನ್ನೂ ಇಲ್ಲಿಯೇ ಹೇಳಬೇಕು: ಆ ಕಂದು ನೀರಿನದಲ್ಲ, ವಿದ್ಯುತ್ ಹರಿದಾಗ ಸರಳಿನ ಕಬ್ಬಿಣವೇ ಕರಗಿ ಬಂದದ್ದು. ಆರ್‌ಓ ನೀರಿನಲ್ಲಿ ಲವಣ ಕಡಿಮೆ ಇರುವುದರಿಂದ ವಿದ್ಯುತ್ ಹರಿಯುವುದಿಲ್ಲ, ಸರಳೂ ಕರಗುವುದಿಲ್ಲ.

ಪೆಟ್ಟಿಗೆಯ ಹನಿ ಪರೀಕ್ಷೆಗಳು ಇದಕ್ಕಿಂತ ಎಷ್ಟೋ ಮೇಲು. ಪಿಎಚ್‌ಗೆ, ಅಂದರೆ ನೀರಿನ ಹುಳಿ ಅಥವಾ ಕ್ಷಾರ ಗುಣಕ್ಕೆ, ಕೆಲವು ಹನಿ ಹಾಕಿ ಬಣ್ಣ ಹೋಲಿಸಬೇಕು. ಗಡಸುತನಕ್ಕೆ ನೀರು ಕೆಂಪಿನಿಂದ ನೀಲಿಗೆ ತಿರುಗುವವರೆಗೆ ಹನಿಗಳನ್ನು ಎಣಿಸಬೇಕು. ಕ್ಲೋರೈಡಿಗೆ ಹಳದಿ ಹೋಗಿ ಇಟ್ಟಿಗೆಯ ಬಣ್ಣ ಬರುವ ತನಕ ಎಣಿಸಬೇಕು. ಹತ್ತನೇ ತರಗತಿಯ ಹುಡುಗಿಯೊಬ್ಬಳು ಒಮ್ಮೆ ನೋಡಿ ಕಲಿತು, ಎರಡನೆಯ ಸಲ ನನಗಿಂತ ಚೆನ್ನಾಗಿ ಮಾಡಿದಳು. ಫ್ಲೋರೈಡಿನ ಬಣ್ಣ ಮಾತ್ರ ಗುಲಾಬಿಗೂ ಹಳದಿಗೂ ನಡುವೆ ಎಲ್ಲೋ ನಿಂತು, ನೋಡಿದವರಿಗೆ ತೋಚಿದ ಉತ್ತರ ಕೊಡುತ್ತದೆ. 1 ಮತ್ತು 1.5 ಮಿಲಿಗ್ರಾಮಿನ ನಡುವಿನ ವ್ಯತ್ಯಾಸವೇ ಈ ವಿಷಯದಲ್ಲಿ ಮುಖ್ಯವಾದ್ದರಿಂದ ಕೊಳವೆಬಾವಿಯ ಊರುಗಳವರು ಇದನ್ನೊಂದನ್ನೇ ನಂಬಿ ಕೂರಬಾರದು. ಹೊಳೆಯ ನೀರಿನಲ್ಲಿ ಇವೆಲ್ಲವೂ ಮಾನಕದ ಒಳಗೇ ಬಂದವು. ನೈಟ್ರೇಟಿನ ಗುಲಾಬಿ ಬಣ್ಣ ಮಾತ್ರ ಭತ್ತದ ಗದ್ದೆಗಳಿಗೆ ಗೊಬ್ಬರ ಹಾಕಿದ ದಿನಗಳಲ್ಲಿ, ಕಾಲುವೆಯ ನೀರು ಬಂದು ಸೇರುವ ಜಾಗದಲ್ಲಿ ಕೊಂಚ ಗಾಢವಾಗಿ ಕಂಡಿತು. ಆಗಲೂ 45 ಮಿಲಿಗ್ರಾಮಿನ ಮಿತಿಯನ್ನು ಮುಟ್ಟಲಿಲ್ಲ. ಗೊಬ್ಬರದ ಹಿಂದೆಯೇ ಸಿಂಪಡಿಸುವ ಕೀಟನಾಶಕವನ್ನು ಈ ಪೆಟ್ಟಿಗೆ ಹಿಡಿಯಲಾರದು. ಸೀಸ, ಕ್ರೋಮಿಯಂಗಳಂಥ ಲೋಹಗಳನ್ನೂ ಹಿಡಿಯಲಾರದು. ಡಬ್ಬಿಯ ಮೇಲೆ ಸಂಪೂರ್ಣ ಪರೀಕ್ಷೆ ಎಂದು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿರುವುದು ಆದ್ದರಿಂದ ತಪ್ಪು.

ಕದಡು ಅಳೆಯುವ ಕೊಳವೆಯ ತಳದಲ್ಲಿ ಕಪ್ಪು ಗುರುತೊಂದಿದೆ. ಅದು ಕಾಣದಾಗುವವರೆಗೆ ನೀರು ತುಂಬಿ, ಆಗ ನೀರು ಮುಟ್ಟಿದ ಗೆರೆಯನ್ನು ಓದಬೇಕು. ಕದಡನ್ನು ಅಳೆಯುವ ಮಾನ ಎನ್‌ಟಿಯು; ಮಾನಕವು ಬಯಸುವುದು 1 ಎನ್‌ಟಿಯು, ಸಹಿಸುವುದು 5. ನನ್ನ ಕೊಳವೆ ಆರಂಭವಾಗುವುದೇ 10ರಿಂದ! ಮಳೆಗಾಲದ ರಾಡಿ ನೀರು ಎಷ್ಟು ರಾಡಿ ಎಂದು ತಿಳಿಯಲು ಮಾತ್ರ ಇದು ಸಾಕು, ಅದನ್ನು ತಿಳಿಯಲು ಕೊಳವೆಯೇ ಬೇಕಾಗಿಲ್ಲ.

ಇನ್ನು ಬ್ಯಾಕ್ಟೀರಿಯಾದ ಶೀಷೆ. ಇಡೀ ಪೆಟ್ಟಿಗೆಯಲ್ಲಿ ಅತ್ಯಂತ ಅಗ್ಗದ, ನೋಡಲು ಅತ್ಯಂತ ಸಾಮಾನ್ಯವಾದ ಈ ವಸ್ತುವಿನಿಂದಲೇ ಕೊಟ್ಟ ಹಣ ಸಾರ್ಥಕವಾಯಿತು ಎಂದು ನನ್ನ ಅಭಿಪ್ರಾಯ. ಇದು ನಮ್ಮ ದೇಶದಲ್ಲೇ ಹುಟ್ಟಿದ ಪರೀಕ್ಷೆ. ಮಾಂಜಾ, ಮೌರ್ಯ ಮತ್ತು ರಾವ್ ಎಂಬ ವಿಜ್ಞಾನಿಗಳು 1982ರಲ್ಲಿ ಇದನ್ನು ಪ್ರಕಟಿಸಿದರು. ಅವರು ನೋಡಿದ ಸೂಕ್ಷ್ಮ ಸರಳವಾಗಿದೆ: ಮಲದಿಂದ ಕೆಟ್ಟ ನೀರಿನಲ್ಲಿ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲವನ್ನು ಹುಟ್ಟಿಸುವ ಬ್ಯಾಕ್ಟೀರಿಯಾಗಳು ಸಾಮಾನ್ಯವಾಗಿ ಇದ್ದೇ ಇರುತ್ತವೆ. ಶೀಷೆಯೊಳಗೆ ಅವಕ್ಕೆ ಬೇಕಾದ ಆಹಾರವನ್ನೂ, ಗಂಧಕದ ಲವಣವನ್ನೂ, ಕಬ್ಬಿಣದ ಲವಣವನ್ನೂ ಮೊದಲೇ ಒಣಗಿಸಿ ಇಟ್ಟಿರುತ್ತಾರೆ. ನೀರು ತುಂಬಿ, ಮುಚ್ಚಳ ಬಿಗಿದು, ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಟ್ಟರೆ ಬ್ಯಾಕ್ಟೀರಿಯಾ ಬೆಳೆದು, ಅನಿಲ ಹುಟ್ಟಿ, ಅದು ಕಬ್ಬಿಣದೊಡನೆ ಕೂಡಿ ನೀರು ಕಪ್ಪಾಗುತ್ತದೆ. ಬಣ್ಣ ಹೋಲಿಸುವ ತಕರಾರಿಲ್ಲ, ಹನಿ ಎಣಿಸುವ ಲೆಕ್ಕವಿಲ್ಲ. ಅಕ್ಷರ ಬಾರದ ನಮ್ಮ ಅವ್ವನಿಗೂ ಕಪ್ಪು ಕಪ್ಪಾಗಿಯೇ ಕಂಡಿತು. ಅದುವರೆಗೆ ಅವ್ವನ ವಾದ ಒಂದೇ ಆಗಿತ್ತು, ನಿಮ್ಮಜ್ಜ ಇದೇ ನೀರು ಕುಡಿದು ತೊಂಬತ್ತು ವರ್ಷ ಬದುಕಲಿಲ್ಲವೇ ಎಂದು. ಅಜ್ಜನ ಜೊತೆ ಹುಟ್ಟಿದವರಲ್ಲಿ ತೊಟ್ಟಿಲಲ್ಲೇ ಹೋದವರೆಷ್ಟು ಎಂದು ನಾನು ಕೇಳಿರಲಿಲ್ಲ. ಶೀಷೆಯನ್ನು ನೋಡಿ ಅವ್ವನೇ ಆ ಲೆಕ್ಕವನ್ನು ಎತ್ತಿದಳು.

ಆದರೆ ಈ ಶೀಷೆಯನ್ನು ಸರಿಯಾಗಿ ಬಳಸುವುದನ್ನು ನಾನು ಕಲಿತದ್ದು ಮೋಸ ಹೋದ ಮೇಲೆಯೇ. ಪುಷ್ಯ ಮಾಸದ ಚಳಿಯಲ್ಲಿ ಮಾಡಿದ ಪರೀಕ್ಷೆಯಲ್ಲಿ 24 ಗಂಟೆ ಕಳೆದರೂ ನೀರು ಹಾಗೆಯೇ ಇತ್ತು, ನಾನು ಹೊಳೆ ಶುದ್ಧವಾಗಿದೆ ಎಂದು ಪಕ್ಕದ ಮನೆಯವರಿಗೂ ಹೇಳಿಬಿಟ್ಟೆ. ಮರೆತು ಅಲ್ಲಿಯೇ ಬಿಟ್ಟಿದ್ದ ಶೀಷೆ ಮರುದಿನ ಸಂಜೆಯ ಹೊತ್ತಿಗೆ ಮಸಿಯಂತಾಗಿತ್ತು. ಶೀಷೆಗೆ 30ರಿಂದ 37 ಡಿಗ್ರಿ ಶಾಖ ಬೇಕು, ಅಡುಗೆ ಮನೆಯ ಅಟ್ಟದ ಮೇಲೆ ಆ ತಿಂಗಳಿನಲ್ಲಿ ಅಷ್ಟು ಶಾಖ ಎಲ್ಲಿಂದ ಬರಬೇಕು? ಅಂದಿನಿಂದ ಬಚ್ಚಲುಮನೆಯ ಹಂಡೆಯ ಒಲೆಯಿಂದ ಒಂದು ಮೊಳ ದೂರದಲ್ಲಿ, ಬಟ್ಟೆ ಸುತ್ತಿ ಇಡುತ್ತಿದ್ದೇನೆ, ಪೂರ್ತಿ 48 ಗಂಟೆ ಕಳೆಯದೆ ಯಾರಿಗೂ ಒಳ್ಳೆಯ ಸುದ್ದಿ ಹೇಳುವುದಿಲ್ಲ. ತಯಾರಕರ ಸೂಚನೆಯ ಹಾಳೆ ಇಂಗ್ಲಿಷಿನಲ್ಲಿಯೂ ಹಿಂದಿಯಲ್ಲಿಯೂ ಇದ್ದು, ಕನ್ನಡದಲ್ಲಿ ಒಂದು ಸಾಲೂ ಇರಲಿಲ್ಲ. ಶಾಖದ ಮಾತು ಇಂಗ್ಲಿಷಿನ ಪುಟದ ಕೊನೆಯಲ್ಲಿ ಇರುವೆಯಂಥ ಅಕ್ಷರಗಳಲ್ಲಿತ್ತು. ಹಳ್ಳಿಗೆಂದೇ ಮಾಡಿದ ಸಾಮಾನಿಗೆ ಇದು ಕ್ಷಮಿಸಲಾಗದ ಕೊರತೆ.

ಇನ್ನೆರಡು ಮಿತಿಗಳನ್ನೂ ತಿಳಿದಿರಬೇಕು. ಮಾನಕದ ಪ್ರಕಾರ 100 ಮಿಲಿಲೀಟರ್ ನೀರಿನಲ್ಲಿ ಮಲದಿಂದ ಬರುವ ಇ-ಕೋಲಿ ಎಂಬ ಬ್ಯಾಕ್ಟೀರಿಯಾ ಒಂದೇ ಒಂದೂ ಸಿಗಬಾರದು. ಶೀಷೆ ನೋಡುವುದು 20 ಮಿಲಿಲೀಟರನ್ನು, ಅದೂ ಇ-ಕೋಲಿಯನ್ನಲ್ಲ, ಅದರ ಜೊತೆಗಿರುವ ಸಂಗಾತಿಗಳನ್ನು. ಹೀಗಾಗಿ ಕಪ್ಪಾದ ನೀರು ಕೆಟ್ಟದ್ದು ಎನ್ನಲು ನಾನು ಹಿಂಜರಿಯುವುದಿಲ್ಲ, ಕಪ್ಪಾಗದ ನೀರು ಒಳ್ಳೆಯದು ಎನ್ನುವ ಮೊದಲು ಇನ್ನೂ ಕೆಲವು ಶೀಷೆಗಳನ್ನು ತುಂಬುತ್ತೇನೆ. ಎರಡನೆಯದು, ಕೊಳೆತ ಮೊಟ್ಟೆಯ ವಾಸನೆ ಬರುವ ಕೆಲವು ಕೊಳವೆಬಾವಿಗಳ ನೀರಿನಲ್ಲಿ ಆ ಅನಿಲ ತಾನಾಗಿಯೇ ಇರುತ್ತದೆ. ಅಂಥ ನೀರು ಹಾಕಿದ ಕೂಡಲೇ ಕಪ್ಪಾದರೆ ಬ್ಯಾಕ್ಟೀರಿಯಾವನ್ನು ದೂರುವಂತಿಲ್ಲ. ಕಪ್ಪಾದ ಶೀಷೆಯನ್ನು ಹಾಗೆಯೇ ಬಚ್ಚಲಿಗೆ ಚೆಲ್ಲಬಾರದು, ರೋಗಾಣುಗಳನ್ನು ನಾವೇ ಸಾಕಿ ಬೆಳೆಸಿರುತ್ತೇವೆ; ಬ್ಲೀಚಿಂಗ್ ಪುಡಿಯ ನೀರು ಸುರಿದು ಒಂದು ಗಂಟೆ ಬಿಟ್ಟು ಕಕ್ಕಸಿನ ಗುಂಡಿಗೆ ಹಾಕಬೇಕು.

ಮೊದಲ ಹತ್ತು ಶೀಷೆಗಳಲ್ಲಿ ಆರನ್ನು ನಾನು ಹೊಳೆಯನ್ನು ಪರೀಕ್ಷಿಸಲು ಕಳೆದೆ. ಸ್ನಾನಘಟ್ಟದ ಬಳಿಯದು, ನಡುಹೊಳೆಯದು, ಮಾಗಿಯದು, ಬೇಸಿಗೆಯದು, ಮೊದಲ ಮಳೆಯದು, ಕೊನೆಗೆ ಮರಳಿನಲ್ಲಿ ಗುಂಡಿ ತೋಡಿದಾಗ ಒಸರುವ ಒರತೆಯ ನೀರು. ಆರೂ ಕಪ್ಪಾದವು. ಒರತೆಯ ನೀರು ಕಣ್ಣಿಗೆ ಹರಳಿನಂತಿತ್ತು, ಕಪ್ಪಾಗಲು ಉಳಿದವಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡಿತು. ಹಿಂದಿನವರು ಒರತೆಯ ನೀರನ್ನೇ ಕುಡಿಯಲು ತರುತ್ತಿದ್ದುದರಲ್ಲಿ ಅರ್ಥವಿತ್ತು ಎಂದಾಯಿತು. ಈಗ ಆ ಮರಳು ಲಾರಿಗಳಲ್ಲಿ ಹೋಗಿದೆ, ಅದು ಬೇರೆ ಕಥೆ. ಆರು ಶೀಷೆ ಹಾಳು ಮಾಡಿಕೊಂಡ ಮೇಲೆ ನನಗೆ ಹೊಳೆದದ್ದು, ಇದು ಹೊಸ ಸುದ್ದಿಯೇನೂ ಅಲ್ಲ ಎಂದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2018ರಲ್ಲಿ ದೇಶದಲ್ಲಿ ಗುರುತಿಸಿದ 351 ಕಲುಷಿತ ನದೀಪಾತ್ರಗಳಲ್ಲಿ 17 ಕರ್ನಾಟಕದವು, ಅವುಗಳಲ್ಲಿ ತುಂಗಭದ್ರೆಯೂ ಇದೆ. ಅದೇ ಮಂಡಳಿ ನದಿಗಳ ನೀರನ್ನು ದರ್ಜೆಗಳಾಗಿ ವಿಂಗಡಿಸುವಾಗ, ಅತ್ಯುತ್ತಮವಾದ ಎ ದರ್ಜೆಯ ನೀರನ್ನು ಕೂಡ ರೋಗಾಣು ನಾಶ ಮಾಡಿದ ಮೇಲೆಯೇ ಕುಡಿಯಬೇಕು ಎಂದು ಹೇಳುತ್ತದೆ. ಆ ದರ್ಜೆಗೂ 100 ಮಿಲಿಲೀಟರಿಗೆ 50ರವರೆಗೆ ಕೋಲಿಫಾರಂ ಬ್ಯಾಕ್ಟೀರಿಯಾ ಇರಲು ಅವಕಾಶವಿದೆ. ಮೇಲೆ ಶಿವಮೊಗ್ಗ, ಭದ್ರಾವತಿಗಳಂಥ ಊರುಗಳನ್ನು ದಾಟಿ ಬಂದ ನೀರನ್ನು ಶೀಷೆಗೆ ತುಂಬಿ, ನೀನು ಶುದ್ಧವೋ ಅಲ್ಲವೋ ಎಂದು ಕೇಳುವುದು ಹಣ ಕೊಟ್ಟು ಗೊತ್ತಿರುವ ಉತ್ತರವನ್ನು ಕೊಂಡ ಹಾಗೆ.

ಉಳಿದ ನಾಲ್ಕು ಶೀಷೆಗಳನ್ನು ಹೊಳೆಗೆ ಒಯ್ಯದೆ ಮನೆಯೊಳಗೇ ಬಳಸಿದೆ. ಈ ಪೆಟ್ಟಿಗೆಯ ನಿಜವಾದ ಉಪಯೋಗ ಅಲ್ಲಿಂದ ಆರಂಭವಾಯಿತು. ನೀರನ್ನು ನಾಲ್ಕು ಮಡಿಕೆಯ ಹತ್ತಿ ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಬಿಟ್ಟು ಇಳಿಸಿ, ಆರಿದ ಕೂಡಲೇ ಅದೇ ಪಾತ್ರೆಯಿಂದ ತುಂಬಿದ ಶೀಷೆ 48 ಗಂಟೆ ಕಳೆದರೂ ಕಪ್ಪಾಗಲಿಲ್ಲ. ಅದೇ ನೀರನ್ನು ತಾಮ್ರದ ಕೊಡಕ್ಕೆ ಹಾಕಿ, ಮನೆ ಮಂದಿ ತಂಬಿಗೆ ಅದ್ದಿ ಅದ್ದಿ ಕುಡಿದ ಮರುದಿನ ತುಂಬಿದ ಶೀಷೆ ಕಪ್ಪಾಯಿತು. ಸೌದೆ ಸುಟ್ಟು, ಹೊತ್ತು ಕಳೆದು ಕುದಿಸಿದ ನೀರು ನಮ್ಮ ಕೈಯಲ್ಲೇ ಮತ್ತೆ ಕೆಟ್ಟಿತ್ತು. ಕೊಡವನ್ನು ಹುಣಸೆಹಣ್ಣು ಹಚ್ಚಿ ಬೆಳಗಿ, ಕುದಿಯುವ ನೀರಿನಲ್ಲಿ ತೊಳೆದು, ತಂಬಿಗೆಯ ಬದಲು ಉದ್ದ ಹಿಡಿಯ ಸೌಟನ್ನು ಗೋಡೆಗೆ ನೇತುಹಾಕಿ, ಅದರಿಂದ ಮಾತ್ರ ಬಗ್ಗಿಸಿಕೊಳ್ಳುವಂತೆ ಮಾಡಿದ ಮೇಲೆ ಮೂರನೆಯ ಶೀಷೆ ಬೆಳ್ಳಗೆ ಉಳಿಯಿತು. ಎಷ್ಟೋ ಭಾಷಣಗಳಿಂದ ಆಗದ ಬದಲಾವಣೆ ಪಕ್ಕಪಕ್ಕದಲ್ಲಿ ನಿಂತ ಆ ಎರಡು ಶೀಷೆಗಳಿಂದ ಆಯಿತು ಎಂಬುದನ್ನು ನಾನು ಯಾವ ಉತ್ಪ್ರೇಕ್ಷೆಯೂ ಇಲ್ಲದೆ ಬರೆಯುತ್ತಿದ್ದೇನೆ.

ಕ್ಲೋರಿನ್ ಪರೀಕ್ಷೆಯದೂ ಇಂಥದೇ ಕಥೆ. ಮಳೆಗಾಲದಲ್ಲಿ ಸೌದೆ ಒದ್ದೆಯಾಗಿ, ಗ್ಯಾಸು ಉಳಿಸಬೇಕಾಗಿ ಬಂದಾಗ ನಾವು ಬ್ಲೀಚಿಂಗ್ ಪುಡಿಯನ್ನೇ ಆಶ್ರಯಿಸುತ್ತೇವೆ. ತಾಜಾ ಪುಡಿಯಲ್ಲಿ ಕ್ಲೋರಿನ್ ಸುಮಾರು ಕಾಲು ಭಾಗದಷ್ಟು ಇರುತ್ತದೆ; 40 ಗ್ರಾಂ ಪುಡಿಯನ್ನು ಒಂದು ಲೀಟರ್ ನೀರಿಗೆ ಕದಡಿ, ತಿಳಿಯಾದ ಮೇಲೆ ಬಸಿದಿಟ್ಟುಕೊಂಡರೆ ಅದರಲ್ಲಿ 4 ಮಿಲಿಲೀಟರ್ 20 ಲೀಟರಿನ ಒಂದು ಕ್ಯಾನಿಗೆ ಸಾಕು, ನೀರು ಕೊಂಚ ಮಬ್ಬಾಗಿದ್ದರೆ ಎರಡರಷ್ಟು. ಅರ್ಧ ಗಂಟೆ ಬಿಟ್ಟು ನೋಡಿದಾಗ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಇನ್ನೂ ಉಳಿದಿರಬೇಕು; ಪೆಟ್ಟಿಗೆಯ ಹನಿ ಹಾಕಿದರೆ ನೀರು ಹಳದಿಯಾಗುವುದು ಆ ಉಳಿಕೆಯಿಂದ. ನಮ್ಮ ಮನೆಯ ಪುಡಿಯಿಂದ ಎಷ್ಟು ಹಾಕಿದರೂ ಹಳದಿ ಬರಲಿಲ್ಲ. ಹನಿಯ ಬಾಟಲಿಯೇ ಕೆಟ್ಟಿರಬೇಕೆಂದು ಮೊದಲು ಶಂಕಿಸಿದೆ, ಏಕೆಂದರೆ ಅದೇ ಪೆಟ್ಟಿಗೆಯ ಇನ್ನೊಂದು ಬಾಟಲಿಯ ಅವಧಿ ನನ್ನ ಕೈಗೆ ಬರುವ ಮೊದಲೇ ಮುಗಿದಿತ್ತು, ದೂರು ಕೊಟ್ಟರೆ ಉತ್ತರವೇ ಬಂದಿರಲಿಲ್ಲ. ಪೇಟೆಯಿಂದ ಹೊಸ ಪುಡಿ ತಂದು ನೋಡಿದಾಗ ಹಳದಿ ಥಟ್ಟನೆ ಬಂತು. ಬಾಯಿ ತೆರೆದ ಚೀಲದಲ್ಲಿ ವರ್ಷಗಟ್ಟಲೆ ಇದ್ದ ಹಳೆಯ ಪುಡಿಯಲ್ಲಿ ಕ್ಲೋರಿನ್ ಹಾರಿಹೋಗಿ ಬರಿಯ ಸುಣ್ಣ ಉಳಿದಿತ್ತು, ಕಳೆದ ಮುಂಗಾರಿನಲ್ಲಿ ನಾವು ನೀರಿಗೆ ಹಾಕಿ ನೆಮ್ಮದಿಯಿಂದ ಕುಡಿದದ್ದು ಆ ಸುಣ್ಣವನ್ನೇ. ಆ ವಾಂತಿ ಭೇದಿಯ ಕಾರಣ ನನಗೆ ತಿಳಿದದ್ದು ಆ ದಿನ.

ರಾಡಿ ನೀರಿಗೆ ನೇರವಾಗಿ ಕ್ಲೋರಿನ್ ಹಾಕುವುದೂ ವ್ಯರ್ಥ ಎಂಬುದನ್ನು ಇದೇ ಹಳದಿ ತೋರಿಸಿಕೊಟ್ಟಿತು. ಮಣ್ಣು, ಕಸಕಡ್ಡಿಗಳೇ ಕ್ಲೋರಿನ್ನನ್ನು ತಿಂದುಹಾಕುತ್ತವೆ. ಪಟಿಕದ ತುಂಡನ್ನು ನಾಲ್ಕು ಸುತ್ತು ಆಡಿಸಿ, ರಾತ್ರಿಯಿಡೀ ಬಿಟ್ಟು, ಮೇಲಿನ ತಿಳಿಯನ್ನು ಬಸಿದ ಮೇಲೆ ಹಾಕಿದರೆ ಅದೇ ಅಳತೆಯ ಔಷಧಿಗೆ ಬಣ್ಣ ನಿಲ್ಲುತ್ತದೆ. ನುಗ್ಗೆ ಬೀಜದ ಪುಡಿಯಿಂದಲೂ ನೀರು ಚೆನ್ನಾಗಿ ತಿಳಿಯಾಯಿತು, ಆದರೆ ಆ ನೀರನ್ನು ಅಂದೇ ಬಳಸಿ ಮುಗಿಸಬೇಕು, ಇಟ್ಟರೆ ವಾಸನೆ ಬರುತ್ತದೆ.

ಪೆಟ್ಟಿಗೆ ಹೇಳಿದ್ದು ಸರಿಯೇ ಎಂದು ತಿಳಿಯಲು ಒಮ್ಮೆ ಜಿಲ್ಲಾ ನೀರು ಪರೀಕ್ಷಾ ಪ್ರಯೋಗಾಲಯಕ್ಕೂ ಮಾದರಿ ಒಯ್ದೆ. ಅವರೇ ಕೊಟ್ಟ ಶುದ್ಧ ಬಾಟಲಿಯಲ್ಲಿ ತುಂಬಿ, ಐಸಿನ ಡಬ್ಬಿಯಲ್ಲಿಟ್ಟು ಅದೇ ದಿನ ತಲುಪಿಸಬೇಕು. ಕುಡಿದ ನೀರಿನ ಬಾಟಲಿಯಲ್ಲಿ ತುಂಬಿ ಮೂರನೆಯ ದಿನ ಬಸ್ಸಿನಲ್ಲಿ ಕಳಿಸಿದರೆ ಆ ವರದಿಗೆ ಬೆಲೆಯಿಲ್ಲ. ಗಡಸುತನ, ಕ್ಲೋರೈಡು, ನೈಟ್ರೇಟುಗಳಲ್ಲಿ ನನ್ನ ಹನಿ ಲೆಕ್ಕಕ್ಕೂ ಅವರ ಅಂಕಿಗೂ ದೊಡ್ಡ ಅಂತರವಿರಲಿಲ್ಲ. ಹೊಳೆಯ ನೀರಿನಲ್ಲಿ ಇ-ಕೋಲಿ ಇದೆ ಎಂದು ಅವರೂ ಬರೆದರು. ಕೀಟನಾಶಕ, ಲೋಹಗಳ ಭಯವಿರುವವರಿಗೆ ಪ್ರಯೋಗಾಲಯವೊಂದೇ ದಾರಿ, ಕುದಿಸುವುದರಿಂದಾಗಲಿ ಕ್ಲೋರಿನ್ನಿನಿಂದಾಗಲಿ ಅವು ಹೋಗುವುದೂ ಇಲ್ಲ.

ಕೊಳ್ಳಬೇಕೇ ಎಂದು ಕೇಳುವವರಿಗೆ ನನ್ನ ಉತ್ತರ ಹೀಗಿದೆ. ಹೊಳೆಯ ನೀರನ್ನು ನೆಚ್ಚಿಕೊಂಡ ಒಂದು ಮನೆಗೆ ಪೂರ್ತಿ ಪೆಟ್ಟಿಗೆ ದುಬಾರಿ ಮಾತ್ರವಲ್ಲ, ಅನಗತ್ಯವೂ ಹೌದು. ಬ್ಯಾಕ್ಟೀರಿಯಾದ ಶೀಷೆಗಳೂ ಕ್ಲೋರಿನ್ ಹನಿಯ ಬಾಟಲಿಯೂ ಬಿಡಿಯಾಗಿ ಸಿಗುತ್ತವೆ, ಶೀಷೆಯೊಂದಕ್ಕೆ 30 ರೂಪಾಯಿಯ ಆಸುಪಾಸು. ಕೊಳ್ಳುವಾಗ ಅವಧಿಯ ದಿನಾಂಕವನ್ನು ಹೊರಡಬ್ಬಿಯ ಮೇಲಲ್ಲ, ಒಂದೊಂದು ಬಾಟಲಿಯ ಮೇಲೂ ನೋಡಿಕೊಳ್ಳಬೇಕು. ಕೊಳವೆಬಾವಿಯೂ ಹೊಳೆಯೂ ಎರಡೂ ಇರುವ ಊರಿಗೆ ಎಲ್ಲರೂ ಸೇರಿ ಒಂದು ಪೆಟ್ಟಿಗೆ ಕೊಂಡರೆ ಅದರ ನೂರು ಪರೀಕ್ಷೆಗಳಿಗೂ ಕೆಲಸ ಸಿಗುತ್ತದೆ. ನನ್ನದನ್ನು ಈಗ ಊರಿನ ಸ್ತ್ರೀಶಕ್ತಿ ಸಂಘದವರಿಗೆ ಕೊಟ್ಟಿದ್ದೇನೆ, ಸೂಚನೆಯ ಹಾಳೆಯನ್ನು ಕನ್ನಡದಲ್ಲಿ ಬರೆದು ಮುಚ್ಚಳದ ಒಳಬದಿಗೆ ಅಂಟಿಸಿದ್ದೇನೆ. ಶಾಖದ ಮಾತು ಅದರಲ್ಲಿ ಮೊದಲ ಸಾಲಿನಲ್ಲೇ ಇದೆ. ಮುಂದಿನ ಕೆಂಪು ನೀರು ಬರುವ ಮೊದಲು ಮನೆಗೆಂದು ಇಪ್ಪತ್ತು ಶೀಷೆಗಳನ್ನು ಬೇರೆಯಾಗಿ ತರಿಸಿದ್ದೇನೆ, ಅವುಗಳಲ್ಲಿ ಒಂದನ್ನೂ ಹೊಳೆಗೆ ಒಯ್ಯುವುದಿಲ್ಲ.